ಸ್ವಯಂಚಾಲಿತ ಕರಾರುಗಳೂ ದೇಶದೇಶಗಳ ಕಾಯಿದೆಯೂ

೧

ಗಡಿನಾಡಿನಲ್ಲಿ ಬಾಳುವವರಿಗೆ ಒಂದು ಸಂಗತಿ ಯಾರೂ ಕಲಿಸದೆಯೇ ತಿಳಿದಿರುತ್ತದೆ. ನೆಲ ಒಂದೇ, ನುಡಿ ಒಂದೇ, ಕಾಗದವೂ ಒಂದೇ. ನಡುವೆ ಒಂದು ಗೆರೆ ಬಿದ್ದೊಡನೆ ಆ ಕಾಗದದ ಬಲ ಈ ಕಡೆ ಒಂದು, ಆ ಕಡೆ ಇನ್ನೊಂದು. ೧೯೫೬ರ ನವೆಂಬರ್ ೧ಕ್ಕೆ ಮೊದಲು ಕಾಸರಗೋಡೂ ಮಂಗಳೂರೂ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕುಗಳಾಗಿದ್ದವು. ಎರಡೂ ಕಡೆಗಳಲ್ಲಿ ಚಾಲಗೇಣಿಯ ಚೀಟನ್ನು ಒಂದೇ ಬಗೆಯ ಕನ್ನಡದಲ್ಲಿ, ಒಂದೇ ಒಕ್ಕಣೆಯಲ್ಲಿ ಬರೆಯುತ್ತಿದ್ದರು. ಗೆರೆ ಬಿದ್ದ ತರುವಾಯ ತಲಪಾಡಿಯ ತೆಂಕಣ ಗೇಣಿದಾರನ ಹಕ್ಕನ್ನು ಕೇರಳದ ೧೯೬೩ರ ಭೂಸುಧಾರಣಾ ಕಾಯಿದೆ ನಿರ್ಣಯಿಸಿತು. ಅಲ್ಲಿ ಧಣಿಯ ಹಕ್ಕು ೧೯೭೦ರ ಜನವರಿ ೧ರಂದು ಸರಕಾರಕ್ಕೆ ಸಂದಿತು. ಬಡಗಣ ಗೇಣಿದಾರನ ಹಕ್ಕನ್ನು ಕರ್ನಾಟಕದ ೧೯೬೧ರ ಕಾಯಿದೆಯೂ ಅದರ ದೊಡ್ಡ ತಿದ್ದುಪಡಿಯೂ ನಿರ್ಣಯಿಸಿದವು. ಅಲ್ಲಿ ಆ ದಿನ ಬಂದದ್ದು ೧೯೭೪ರ ಮಾರ್ಚ್ ೧ರಂದು. ಚೀಟಿನಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ಅದನ್ನು ಓದುವ ಕಾಯಿದೆ ಬದಲಾಗಿತ್ತು.

ಈ ಅನುಭವವುಳ್ಳ ನಾವು ಇಂದು ಹೊಸ ಬಗೆಯ ಕರಾರೊಂದರ ವಿಚಾರವನ್ನು ಕೇಳುತ್ತಿದ್ದೇವೆ. ಅದಕ್ಕೆ ಛಾಪಾ ಕಾಗದ ಬೇಡ, ಸಾಕ್ಷಿ ಬೇಡ, ಗುಮಾಸ್ತ ಬೇಡ, ಕೊನೆಗೆ ನ್ಯಾಯಸ್ಥಾನವೂ ಬೇಡ. ಅದಕ್ಕೆ ಯಾವ ದೇಶದ ಎಲ್ಲೆಯೂ ಇಲ್ಲ ಎಂದು ಅದರ ಪಕ್ಷಪಾತಿಗಳು ಹೇಳುತ್ತಾರೆ. ಇಂಗ್ಲಿಷಿನಲ್ಲಿ ಅದಕ್ಕೆ ಸ್ಮಾರ್ಟ್ ಕಾಂಟ್ರಾಕ್ಟ್ ಎಂದು ಹೆಸರು. ಅದು ತಾನೇ ತಾನಾಗಿ ನಡೆಯುವುದರಿಂದ ನಾವು ಇಲ್ಲಿ ಸ್ವಯಂಚಾಲಿತ ಕರಾರು ಎಂದು ಕರೆಯೋಣ. ಇದು ಯಾವ ದೇಶದಲ್ಲಿ ಎಷ್ಟು ಮಟ್ಟಿಗೆ ಸಿಂಧು, ಅದರಿಂದ ನಾವೂ ನಮ್ಮ ವಿದ್ಯಾರ್ಥಿಗಳೂ ತಿಳಿಯತಕ್ಕದ್ದೇನು ಎಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಮೊದಲು ವಸ್ತುವಿನ ಸ್ವರೂಪವನ್ನು ತಿಳಿದುಕೊಳ್ಳಬೇಕು. ಸಹಕಾರಿ ಸಂಘದ ಕಿರ್ದಿ ಪುಸ್ತಕವನ್ನು ವಾಚಕರು ಬಲ್ಲರು. ಅದು ಒಂದೇ ಪ್ರತಿಯಾಗಿ ಕಾರ್ಯದರ್ಶಿಯ ಕಪಾಟಿನಲ್ಲಿರುತ್ತದೆ. ಅವನನ್ನು ನಂಬಿ ನಾವು ವ್ಯವಹರಿಸುತ್ತೇವೆ. ಬ್ಲಾಕ್‌ಚೈನ್ ಎಂಬುದೂ ಒಂದು ಕಿರ್ದಿಯೇ. ಅದರ ಪ್ರತಿಗಳು ಲೋಕದ ನಾನಾ ಕಡೆಗಳಲ್ಲಿರುವ ಸಾವಿರಾರು ಗಣಕಯಂತ್ರಗಳಲ್ಲಿ ಏಕಕಾಲಕ್ಕೆ ಇರುತ್ತವೆ. ಪ್ರತಿಯೊಂದು ಪುಟ ತುಂಬಿದಾಗ ಅದರ ಎಲ್ಲ ಅಕ್ಷರಗಳನ್ನೂ ಲೆಕ್ಕಕ್ಕೆ ಹಿಡಿದು ಒಂದು ಗುರುತಿನ ಸಂಖ್ಯೆಯನ್ನು ತೆಗೆದು, ಅದನ್ನು ಮುಂದಿನ ಪುಟದ ತಲೆಯಲ್ಲಿ ಬರೆಯುತ್ತಾರೆ. ಹಳೆಯ ಪುಟದ ಒಂದಕ್ಷರವನ್ನು ಯಾರಾದರೂ ತಿದ್ದಿದರೆ ಅದರ ಸಂಖ್ಯೆ ಬದಲಾಗಿ ಮುಂದಿನ ಪುಟಗಳೆಲ್ಲ ತಾಳೆ ತಪ್ಪುತ್ತವೆ. ಉಳಿದ ಪ್ರತಿಗಳು ಆ ತಿದ್ದುಪಡಿಯನ್ನು ಒಪ್ಪುವುದಿಲ್ಲ. ೨೦೦೯ರಲ್ಲಿ ಚಾಲ್ತಿಗೆ ಬಂದ ಬಿಟ್‌ಕಾಯಿನ್ ಎಂಬ ನಾಣ್ಯವ್ಯವಸ್ಥೆ ಇದರ ಮೊದಲ ಪ್ರಸಿದ್ಧ ನಿದರ್ಶನ.

೨೦೧೫ರ ಜುಲೈ ೩೦ರಂದು ಆರಂಭವಾದ ಇಥೀರಿಯಮ್ ಎಂಬ ಜಾಲವು ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಅದರ ಕಿರ್ದಿಯಲ್ಲಿ ಜಮಾಖರ್ಚನ್ನು ಮಾತ್ರವಲ್ಲದೆ, ‘ಇಂಥದು ನಡೆದರೆ ಇಷ್ಟು ಹಣ ಇಂಥವರಿಗೆ ಸಲ್ಲಲಿ’ ಎಂಬ ಆಜ್ಞೆಗಳನ್ನೂ ಬರೆದಿಡಬಹುದು. ಷರತ್ತು ಪೂರೈಸಿದ ಕ್ಷಣದಲ್ಲಿ ಆಜ್ಞೆ ತಾನಾಗಿ ಜಾರಿಯಾಗುತ್ತದೆ. ಇಂಥ ಆಜ್ಞೆಗಳ ಕಟ್ಟಿಗೇ ಸ್ವಯಂಚಾಲಿತ ಕರಾರೆಂದು ಹೆಸರು. ಈ ಹೆಸರನ್ನು ನಿಕ್ ಸಾಬೋ ಎಂಬ ಅಮೆರಿಕದ ಪಂಡಿತನು ೧೯೯೪ರಲ್ಲೇ ಇಟ್ಟಿದ್ದನು. ನಾಣ್ಯ ಹಾಕಿದರೆ ತಿಂಡಿಯನ್ನೋ ಪಾನೀಯವನ್ನೋ ಕೊಡುವ ಯಂತ್ರವೇ ಇದರ ಪೂರ್ವಜ ಎಂದು ಅವನು ಕೊಟ್ಟ ಉದಾಹರಣೆ ಚೆನ್ನಾಗಿದೆ. ಯಂತ್ರ ಚೌಕಾಶಿ ಮಾಡುವುದಿಲ್ಲ, ಸಾಲ ಕೊಡುವುದಿಲ್ಲ, ಮಾತಿಗೆ ತಪ್ಪುವುದೂ ಇಲ್ಲ.

ಇದರ ಸದುಪಯೋಗಕ್ಕೆ ಒಂದು ನಿದರ್ಶನವನ್ನು ಕೊಡಬಹುದು. ಫ್ರಾನ್ಸಿನ ಆಕ್ಸಾ ವಿಮಾ ಕಂಪೆನಿಯು ೨೦೧೭ರಲ್ಲಿ ಫಿಜ್ಜಿ ಎಂಬ ವಿಮೆಯನ್ನು ತಂದಿತು. ವಿಮಾನವು ಎರಡು ಗಂಟೆಗಿಂತ ತಡವಾಗಿ ಇಳಿದರೆ ಪ್ರಯಾಣಿಕನು ಅರ್ಜಿ ಬರೆಯಬೇಕಾಗಿರಲಿಲ್ಲ. ಪರಿಹಾರ ಸಲ್ಲತಕ್ಕದ್ದೆಂಬ ನಿರ್ಣಯವನ್ನು ಇಥೀರಿಯಮ್ ಜಾಲದ ಕರಾರೇ ಮಾಡುತ್ತಿತ್ತು. ಸಾಕಷ್ಟು ಗಿರಾಕಿಗಳು ದೊರೆಯದೆ ೨೦೧೯ರಲ್ಲಿ ಅದು ನಿಂತಿತು. ಆದರೂ ಬಡವನು ಕಚೇರಿಯಿಂದ ಕಚೇರಿಗೆ ಅಲೆಯದೆ ತನ್ನ ಹಣವನ್ನು ಪಡೆಯುವ ದಾರಿಯೊಂದುಂಟೆಂದು ಅದು ತೋರಿಸಿಕೊಟ್ಟಿತು. ಆದ್ದರಿಂದ ಈ ಹೊಸತನ್ನು ಬರಿಯ ಮಾಯೆಯೆಂದು ತಳ್ಳಿಹಾಕುವುದು ಸರಿಯಲ್ಲ.

ಇಲ್ಲಿಯೇ ಒಂದು ಭೇದವನ್ನು ಮನಸ್ಸಿನಲ್ಲಿಡಬೇಕು. ಕರಾರು ನಡೆಯುವುದು ಒಂದು, ಕರಾರು ಸಿಂಧುವಾಗುವುದು ಇನ್ನೊಂದು. ನಡೆಯುವುದು ಯಂತ್ರದ ಕೆಲಸ. ಅದು ಸಿಂಗಪುರದಲ್ಲೂ ಸೊಲ್ಲಾಪುರದಲ್ಲೂ ಒಂದೇ ರೀತಿಯಾಗಿ ನಡೆಯುತ್ತದೆ. ಸಿಂಧುವೋ ಅಸಿಂಧುವೋ ಎಂಬುದು ಒಂದು ಸಮಾಜದ ತೀರ್ಮಾನ. ಅದು ದೇಶದಿಂದ ದೇಶಕ್ಕೆ ಬೇರೆಯಾಗುತ್ತದೆ. ಮುಂದಿನದೆಲ್ಲ ಈ ಭೇದದ ವಿವರಣೆಯೇ.

೩

ಮನುಷ್ಯರ ಬದಲು ಯಂತ್ರವು ವ್ಯವಹರಿಸಿದರೆ ಕರಾರು ಆಗುತ್ತದೆಯೇ ಎಂಬ ಪ್ರಶ್ನೆ ಬ್ಲಾಕ್‌ಚೈನ್‌ಗಿಂತ ಹಳೆಯದು. ಲಂಡನ್ನಿನ ಷೂ ಲೇನಿನಲ್ಲಿ ಕಾರು ನಿಲ್ಲಿಸುವ ಒಂದು ಕಟ್ಟಡವಿತ್ತು. ಬಾಗಿಲಲ್ಲಿದ್ದ ಯಂತ್ರ ಟಿಕೀಟು ಕೊಡುತ್ತಿತ್ತು. ಷರತ್ತುಗಳು ಒಳಗೆ ತೂಗುಹಾಕಿವೆ ಎಂದು ಅದರ ಮೇಲೆ ಸಣ್ಣ ಅಕ್ಷರಗಳಲ್ಲಿ ಮುದ್ರಿಸಿತ್ತು. ಒಬ್ಬ ಗಿರಾಕಿ ಅಲ್ಲಿ ಗಾಯಗೊಂಡಾಗ, ಗಾಯಕ್ಕೆ ತಾವು ಹೊಣೆಯಲ್ಲವೆಂಬ ಷರತ್ತು ಉಂಟೆಂದು ಮಾಲಿಕರು ವಾದಿಸಿದರು. ೧೯೭೦ರಲ್ಲಿ ಲಾರ್ಡ್ ಡೆನ್ನಿಂಗ್ ಮತ್ತು ಅವರ ಸಹ ನ್ಯಾಯಾಧೀಶರು ಆ ವಾದವನ್ನು ತಳ್ಳಿಹಾಕಿದರು. ಯಂತ್ರವನ್ನು ನಿಲ್ಲಿಸಿದ ಮಾಲಿಕನೇ ಅದರ ಮೂಲಕ ಪ್ರಸ್ತಾಪ ಮಾಡುತ್ತಾನೆ; ಗಿರಾಕಿ ಯಂತ್ರದ ಬಳಿಗೆ ಬಂದು ಟಿಕೀಟು ಹೊರಬಂದಾಗಲೇ ಕರಾರು ಮುಗಿಯಿತು; ಆಮೇಲೆ ಓದಲು ಸಿಗುವ ಷರತ್ತು ಅವನನ್ನು ಕಟ್ಟುವುದಿಲ್ಲ ಎಂಬುದು ತೀರ್ಪಿನ ತಾತ್ಪರ್ಯ. ಯಂತ್ರದ ಮೂಲಕ ಕರಾರು ಆಗಬಲ್ಲುದು, ಆದರೆ ತಿಳಿಯದ ಷರತ್ತು ಕರಾರಿನ ಭಾಗವಾಗದು ಎಂಬ ಎರಡು ತತ್ತ್ವಗಳು ಇಲ್ಲಿ ದೊರೆತವು.

ಇದೇ ಜಾಡಿನಲ್ಲಿ ಇಂಗ್ಲೆಂಡು ಮುಂದುವರಿಯಿತು. ೨೦೧೯ರ ನವೆಂಬರಿನಲ್ಲಿ ಸರ್ ಜೆಫ್ರಿ ವೋಸ್ ಅವರ ಅಧ್ಯಕ್ಷತೆಯ ತಜ್ಞಮಂಡಲಿಯೊಂದು, ಸ್ವಯಂಚಾಲಿತ ಕರಾರು ಇಂಗ್ಲಿಷ್ ನ್ಯಾಯದ ಪ್ರಕಾರ ನಿಜವಾದ ಕರಾರಾಗಬಲ್ಲುದು ಎಂದು ಹೇಳಿಕೆ ಹೊರಡಿಸಿತು. ೨೦೨೧ರ ನವೆಂಬರಿನಲ್ಲಿ ಅಲ್ಲಿಯ ಕಾಯಿದೆ ಆಯೋಗವು ಇನ್ನಷ್ಟು ವಿಸ್ತಾರವಾಗಿ ವಿಚಾರಿಸಿ, ಹೊಸ ಶಾಸನವೇ ಬೇಕಿಲ್ಲ, ಇರುವ ನ್ಯಾಯವೇ ಸಾಕು ಎಂದು ಸರಕಾರಕ್ಕೆ ಸಲಹೆಯಿತ್ತಿತು. ಕೋಡ್ ಒಂದನ್ನು ಹೇಳಿ ಜತೆಯ ಬರಹ ಇನ್ನೊಂದನ್ನು ಹೇಳಿದರೆ ಯಾವುದು ಮೇಲು ಎಂಬುದನ್ನು ಪಕ್ಷದವರು ಮೊದಲೇ ಬರೆದುಕೊಳ್ಳಲಿ ಎಂಬುದೂ ಅದರ ಸಲಹೆಗಳಲ್ಲೊಂದು.

೪

ಯಂತ್ರಗಳು ತಪ್ಪಿ ನಡೆದಾಗ ಏನಾಗುತ್ತದೆಂಬುದಕ್ಕೆ ಸಿಂಗಪುರದ ಒಂದು ವ್ಯಾಜ್ಯವು ಲೋಕಪ್ರಸಿದ್ಧವಾಗಿದೆ. ಕ್ವೋಯಿನ್ ಎಂಬ ಕಂಪೆನಿ ಅಲ್ಲಿ ನಾಣ್ಯಗಳ ವಿನಿಮಯ ಕಟ್ಟೆಯನ್ನು ನಡೆಸುತ್ತಿತ್ತು. ಬಿ೨ಸಿ೨ ಎಂಬ ಕಂಪೆನಿಯ ಪ್ರೋಗ್ರಾಮು ಆ ಕಟ್ಟೆಯಲ್ಲಿ ಹಗಲಿರುಳು ಕೊಳ್ಳುತ್ತ ಮಾರುತ್ತ ಇತ್ತು. ಪೇಟೆಯ ಧಾರಣೆ ತಿಳಿಯದೆ ಹೋದ ಪಕ್ಷದಲ್ಲಿ ಒಂದು ಈಥರ್ ನಾಣ್ಯಕ್ಕೆ ಹತ್ತು ಬಿಟ್‌ಕಾಯಿನ್ ಎಂದು ಬೆಲೆ ಹೇಳುವಂತೆ ಆ ಪ್ರೋಗ್ರಾಮನ್ನು ಬರೆದವನು ಮೊದಲೇ ಸೂಚಿಸಿದ್ದನು. ೨೦೧೭ರ ಏಪ್ರಿಲ್ ೧೯ರಂದು ಕ್ವೋಯಿನ್‌ನ ಸ್ವಂತ ವ್ಯವಸ್ಥೆ ಕೆಟ್ಟು ಹೊರಗಿನ ಧಾರಣೆ ಬರುವುದು ನಿಂತುಹೋಯಿತು. ಕಟ್ಟೆಯಲ್ಲಿ ಬೇರೆ ಮಾರುವವರಿಲ್ಲದೆ, ಆ ಹತ್ತರ ಬೆಲೆಗೇ ವ್ಯಾಪಾರ ಕುದುರಿತು. ನಿಜವಾದ ಧಾರಣೆಗಿಂತ ಅದು ಸುಮಾರು ೨೫೦ ಪಟ್ಟು ಹೆಚ್ಚು. ಸುಮಾರು ೩೦೯ ಈಥರ್ ಕೊಟ್ಟು ೩,೦೯೨ ಬಿಟ್‌ಕಾಯಿನ್ ಬಿ೨ಸಿ೨ರ ಲೆಕ್ಕಕ್ಕೆ ಜಮೆಯಾಯಿತು. ಮರುದಿನ ಕ್ವೋಯಿನ್ ಈ ವ್ಯಾಪಾರಗಳನ್ನು ತಾನಾಗಿಯೇ ರದ್ದುಮಾಡಿತು. ಬಿ೨ಸಿ೨ ನ್ಯಾಯಾಲಯಕ್ಕೆ ಹೋಯಿತು.

ಪ್ರಶ್ನೆ ವಿಚಿತ್ರವಾದುದು. ಎದುರಿನವನು ತಪ್ಪು ತಿಳಿದಿದ್ದಾನೆಂದು ಗೊತ್ತಿದ್ದೂ ಅದರ ಲಾಭ ಪಡೆದರೆ ಕರಾರು ನಿಲ್ಲುವುದಿಲ್ಲವೆಂಬುದು ಹಳೆಯ ನ್ಯಾಯ. ಆದರೆ ಇಲ್ಲಿ ಕೊಂಡದ್ದೂ ಮಾರಿದ್ದೂ ಯಂತ್ರ. ಯಂತ್ರಕ್ಕೆ ‘ಗೊತ್ತಿತ್ತು’ ಎನ್ನುವುದು ಹೇಗೆ? ೨೦೨೦ರ ಫೆಬ್ರವರಿಯಲ್ಲಿ ಸಿಂಗಪುರದ ಮೇಲ್ಮನವಿ ನ್ಯಾಯಾಲಯದ ಐವರು ನ್ಯಾಯಾಧೀಶರಲ್ಲಿ ನಾಲ್ವರು, ಪ್ರೋಗ್ರಾಮನ್ನು ಬರೆದವನ ಮನಸ್ಸಿನಲ್ಲಿ ಏನಿತ್ತೆಂದು ನೋಡಬೇಕು ಎಂದರು. ಯಾರದೋ ತಪ್ಪಿನ ಲಾಭ ಹೊಡೆಯುವ ಸಂಚು ಅವನಿಗೆ ಇರಲಿಲ್ಲವಾದ್ದರಿಂದ ಕರಾರು ನಿಂತಿತು. ಕ್ವೋಯಿನ್ ಮಾತು ಮುರಿದದ್ದಾಯಿತು. ಐದನೆಯವರಾದ ಲಾರ್ಡ್ ಮ್ಯಾನ್ಸ್ ಒಪ್ಪಲಿಲ್ಲ. ಯಾವ ವಿವೇಕಿಯಾದರೂ ಆ ಬೆಲೆಯನ್ನು ಕಂಡ ಕೂಡಲೆ ಇಲ್ಲೇನೋ ದೊಡ್ಡ ತಪ್ಪಾಗಿದೆ ಎನ್ನುತ್ತಿದ್ದನು. ಆದ್ದರಿಂದ ರದ್ದುಮಾಡಿದ್ದೇ ನ್ಯಾಯ ಎಂಬುದು ಅವರ ಮತ.

ಸೂಕ್ಷ್ಮವಾಗಿ ಹೇಳುವುದಾದರೆ ಆ ವ್ಯಾಪಾರಗಳು ಬ್ಲಾಕ್‌ಚೈನಿನ ಮೇಲೆ ನಡೆದವಲ್ಲ, ಕಟ್ಟೆಯ ಸ್ವಂತ ಲೆಕ್ಕದಲ್ಲಿ ನಡೆದವು. ಆದರೂ ತತ್ತ್ವ ಒಂದೇ. ಎರಡೂ ಮತಗಳವರು ಹುಡುಕಿದ್ದು ಯಂತ್ರದ ಹಿಂದಿನ ಮನುಷ್ಯನನ್ನು. ಎಲ್ಲಿ ನಿಂತು ಅವನನ್ನು ನೋಡಬೇಕು, ಪ್ರೋಗ್ರಾಮು ಬರೆದ ಹೊತ್ತಿನಲ್ಲೋ ವ್ಯಾಪಾರ ಬೆಳಕಿಗೆ ಬಂದ ಹೊತ್ತಿನಲ್ಲೋ ಎಂಬಷ್ಟಕ್ಕೆ ಅವರ ಭಿನ್ನಾಭಿಪ್ರಾಯ.

೫

ಕೆಲವು ದೇಶಗಳು ಹಳೆಯ ನ್ಯಾಯವನ್ನೇ ನೆಚ್ಚದೆ ಹೊಸ ಶಾಸನ ಮಾಡಿದವು. ಅಮೆರಿಕದ ಅರಿಜೋನಾ ಸಂಸ್ಥಾನವು ೨೦೧೭ರಲ್ಲಿ, ಸ್ವಯಂಚಾಲಿತ ಅಂಶವಿದೆ ಎಂಬ ಒಂದೇ ಕಾರಣದಿಂದ ಕರಾರಿನ ಬಲವನ್ನು ನಿರಾಕರಿಸಕೂಡದೆಂದು ವಿಧಿಸಿತು. ೨೦೧೮ರಲ್ಲಿ ಟೆನೆಸೀ ಅದೇ ಹಾದಿ ಹಿಡಿಯಿತು. ‘ಒಂದೇ ಕಾರಣದಿಂದ’ ಎಂಬ ಮಾತನ್ನು ಗಮನಿಸಬೇಕು. ಮೋಸ, ಬಲಾತ್ಕಾರ, ಅಪ್ರಾಪ್ತ ವಯಸ್ಸು ಮುಂತಾದ ಉಳಿದ ಕಾರಣಗಳೆಲ್ಲ ಹಾಗೆಯೇ ಉಳಿದಿವೆ.

ಇಟಲಿಯು ೨೦೧೯ರ ಫೆಬ್ರವರಿಯ ಕಾಯಿದೆಯಲ್ಲಿ ಇಂಥ ಕರಾರಿಗೆ ಲಿಖಿತ ಪತ್ರದ ಸ್ಥಾನವನ್ನು ಕೊಟ್ಟಿತು. ಆದರೆ ಸರಕಾರದ ಸಂಸ್ಥೆ ಗೊತ್ತುಪಡಿಸಿದ ಕ್ರಮದಲ್ಲಿ ಪಕ್ಷದವರ ಗುರುತು ಸ್ಥಿರಪಟ್ಟಿರಬೇಕು. ರಷ್ಯವು ೨೦೧೯ರ ಅಕ್ಟೋಬರ್ ೧ರಿಂದ ತನ್ನ ಸಿವಿಲ್ ಸಂಹಿತೆಯಲ್ಲಿ ಒಂದು ವಾಕ್ಯವನ್ನು ಸೇರಿಸಿ, ಮೊದಲೇ ಒಪ್ಪಿದ ಕರಾರನ್ನು ಯಂತ್ರವು ಮತ್ತೆ ಕೇಳದೆ ನೆರವೇರಿಸಬಹುದೆಂದಿತು; ಅದು ಯಂತ್ರವನ್ನು ನೆರವೇರಿಸುವ ಸಾಧನವೆಂದೇ ಎಣಿಸಿತು. ಬೆಲಾರೂಸ್ ೨೦೧೭ರ ಡಿಸೆಂಬರಿನ ತನ್ನ ಎಂಟನೆಯ ಆಜ್ಞಾಪತ್ರದಲ್ಲಿ ಹೈಟೆಕ್ ಪಾರ್ಕಿನ ಕಂಪೆನಿಗಳಿಗೆ ಇದಕ್ಕೆ ಅನುಮತಿಯಿತ್ತು, ಕೋಡಿನಲ್ಲಿರುವ ಷರತ್ತುಗಳು ವ್ಯವಹರಿಸಿದವನಿಗೆ ತಿಳಿದಿದ್ದವೆಂದೇ ಭಾವಿಸತಕ್ಕದ್ದು, ತಿಳಿದಿರಲಿಲ್ಲವಾದರೆ ಅದನ್ನು ಸಿದ್ಧಪಡಿಸಬೇಕು ಎಂದು ವಿಧಿಸಿತು. ಇಟಲಿ ‘ನೀನು ಯಾರು?’ ಎಂದು ಕೇಳುತ್ತದೆ. ಬೆಲಾರೂಸ್ ‘ನಿನಗೆ ತಿಳಿದೇ ಇತ್ತು’ ಎನ್ನುತ್ತದೆ. ಲಂಡನ್ನಿನ ಟಿಕೀಟಿನ ತೀರ್ಪಿನೊಡನೆ ಈ ಎರಡನೆಯದನ್ನು ಹೋಲಿಸಿದರೆ, ಒಂದೇ ಕೋಡ್ ಎರಡು ದೇಶಗಳಲ್ಲಿ ಎಷ್ಟು ಬೇರೆಯಾದ ಹೊರೆಯನ್ನು ಹೊರಿಸುತ್ತದೆಂಬುದು ಸ್ಪಷ್ಟವಾಗುತ್ತದೆ.

ಚೀನದ ರೀತಿ ಇನ್ನೊಂದು. ಹಾಂಗ್‌ಜೌ ನಗರದ ಇಂಟರ್‌ನೆಟ್ ನ್ಯಾಯಾಲಯವು ೨೦೧೮ರ ಜೂನಿನಲ್ಲಿ ಬ್ಲಾಕ್‌ಚೈನಿನ ದಾಖಲೆಯನ್ನು ಸಾಕ್ಷ್ಯವಾಗಿ ಅಂಗೀಕರಿಸಿತು. ಆದರೆ ೨೦೨೧ರ ಸೆಪ್ಟೆಂಬರಿನಲ್ಲಿ ಅಲ್ಲಿಯ ಸರಕಾರವು ಇಂಥ ನಾಣ್ಯಗಳ ವ್ಯಾಪಾರವನ್ನೇ ಕಾಯಿದೆಬಾಹಿರವೆಂದು ಸಾರಿತು. ಕಿರ್ದಿ ಸಾಕ್ಷಿಯಾಗಬಹುದು, ಅದರಲ್ಲಿ ಬರೆದ ವ್ಯಾಪಾರ ಮಾತ್ರ ಸಿಂಧುವಾಗದು!

ಐರೋಪ್ಯ ಒಕ್ಕೂಟವು ೨೦೨೩ರ ದತ್ತಾಂಶ ಕಾಯಿದೆಯಲ್ಲಿ, ದತ್ತಾಂಶವನ್ನು ಹಂಚಿಕೊಳ್ಳುವ ಸ್ವಯಂಚಾಲಿತ ಕರಾರುಗಳಲ್ಲಿ ನಡುವೆ ನಿಲ್ಲಿಸುವ ಕೀಲಿಯೊಂದು ಇರಲೇಬೇಕೆಂದು ವಿಧಿಸಿತು. ಅದು ೨೦೨೫ರ ಸೆಪ್ಟೆಂಬರ್ ೧೨ರಿಂದ ಅನ್ವಯಿಸತೊಡಗಿತು. ಅದೇ ವರ್ಷದ ನವೆಂಬರಿನಲ್ಲಿ ಒಕ್ಕೂಟದ ಆಯೋಗವೇ ಆ ಕಲಮನ್ನು ತೆಗೆದುಹಾಕುವ ಸೂಚನೆಯನ್ನು ಮುಂದಿಟ್ಟಿತು. ತಡೆಯಿಲ್ಲದೆ ನಡೆಯುವುದೇ ಈ ಕರಾರಿನ ಗುಣವೆಂದು ನಿರ್ಮಿಸಿದವರು ಹೇಳುತ್ತಾರೆ. ತಡೆಯಿಲ್ಲದಿರುವುದೇ ಅದರ ದೋಷವೆಂದು ಶಾಸನ ಮಾಡುವವರು ಶಂಕಿಸುತ್ತಾರೆ. ಈ ಜಗ್ಗಾಟ ಇನ್ನೂ ಮುಗಿದಿಲ್ಲ.

೬

ಸಂಕೇತವೇ ಶಾಸನ, ಕೋಡಿನಲ್ಲಿ ಬರೆದುದೇ ಅಂತಿಮ ಎಂಬ ಘೋಷಣೆಯೊಂದು ಈ ಕ್ಷೇತ್ರದಲ್ಲಿ ಕೇಳಿಬರುತ್ತದೆ. ಅದನ್ನು ಪರೀಕ್ಷಿಸಿದ ಘಟನೆ ೨೦೧೬ರದು. ‘ದಿ ಡಾವೋ’ ಎಂಬ ಹೆಸರಿನ ನಿಧಿಯೊಂದನ್ನು ಇಥೀರಿಯಮ್ ಜಾಲದಲ್ಲಿ ಸ್ಥಾಪಿಸಿ, ಸುಮಾರು ೧೫ ಕೋಟಿ ಡಾಲರಿನಷ್ಟು ಹಣವನ್ನು ಜನರಿಂದ ಕೂಡಿಸಿದ್ದರು. ಅದಕ್ಕೆ ಆಡಳಿತ ಮಂಡಲಿಯಿಲ್ಲ, ಕೋಡೇ ಆಡಳಿತ. ಜೂನ್ ೧೭ರಂದು ಯಾರೋ ಒಬ್ಬನು ಆ ಕೋಡಿನಲ್ಲಿದ್ದ ಒಂದು ಸಂದಿನಿಂದ ಸುಮಾರು ೩೬ ಲಕ್ಷ ಈಥರನ್ನು ಸೋರಿಸಿಕೊಂಡನು. ಕೋಡ್ ಬಿಟ್ಟದ್ದನ್ನೇ ಅವನು ಮಾಡಿದ್ದನು. ಘೋಷಣೆ ನಿಜವಾಗಿದ್ದರೆ ಅವನದು ಕಳವೇ ಅಲ್ಲ. ಆದರೆ ಹಣ ಹಾಕಿದವರಿಗೆ ಅದು ಕಳವೆಂದೇ ಕಂಡಿತು. ಜುಲೈ ೨೦ರಂದು ಜಾಲದವರಲ್ಲಿ ಬಹುಜನರು ಸೇರಿ, ತಿದ್ದಲಾಗದೆಂದು ಹೆಸರಾಂತ ಕಿರ್ದಿಯನ್ನೇ ಬೇರೆ ದಾರಿಗೆ ತಿರುಗಿಸಿ ಹಣವನ್ನು ಹಿಂದಕ್ಕೆ ತಂದರು. ಒಪ್ಪದವರು ಹಳೆಯ ಕಿರ್ದಿಯನ್ನೇ ಮುಂದುವರಿಸಿದರು. ಅದಕ್ಕೆ ಇಥೀರಿಯಮ್ ಕ್ಲಾಸಿಕ್ ಎಂದು ಹೆಸರಾಯಿತು. ನ್ಯಾಯಸ್ಥಾನ ಬೇಡವೆಂದವರೂ ಪೆಟ್ಟು ಬಿದ್ದಾಗ ಪಂಚಾಯಿತಿ ಸೇರಿಸಿದರೆಂಬುದು ಇದರ ಸಾರ.

ಇನ್ನೊಂದು ಕಡೆಯಿಂದಲೂ ಈ ಪ್ರಶ್ನೆ ಬಂದಿದೆ. ಹಣದ ಜಾಡನ್ನು ಮರೆಸುವ ಟೊರ್ನೇಡೊ ಕ್ಯಾಷ್ ಎಂಬ ವ್ಯವಸ್ಥೆಯ ಮೇಲೆ ಅಮೆರಿಕದ ಖಜಾನೆ ಇಲಾಖೆಯು ೨೦೨೨ರ ಆಗಸ್ಟಿನಲ್ಲಿ ನಿರ್ಬಂಧ ಹೇರಿತು. ೨೦೨೪ರ ನವೆಂಬರಿನಲ್ಲಿ ಅಲ್ಲಿಯ ಐದನೆಯ ವಲಯದ ಮೇಲ್ಮನವಿ ನ್ಯಾಯಾಲಯವು, ಅದನ್ನು ನಿರ್ಮಿಸಿದವರೂ ಬದಲಿಸಲಾರದ ಆ ಕೋಡ್ ಯಾರ ಸ್ವತ್ತೂ ಅಲ್ಲ, ಕರಾರಿಗೆ ಇಬ್ಬರು ಬೇಕಾದ್ದರಿಂದ ಅದು ಕರಾರೂ ಅಲ್ಲ ಎಂದು ತೀರ್ಮಾನಿಸಿತು. ೨೦೨೫ರ ಮಾರ್ಚಿನಲ್ಲಿ ಇಲಾಖೆ ನಿರ್ಬಂಧವನ್ನು ಹಿಂತೆಗೆದುಕೊಂಡಿತು. ಹೆಸರಿನಲ್ಲಿ ‘ಕಾಂಟ್ರಾಕ್ಟ್’ ಎಂದಿದ್ದ ಮಾತ್ರಕ್ಕೆ ಕರಾರಾಗದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಆಧಾರ ಬೇಕಿಲ್ಲ.

ಸಿಂಧುವಾದ ಕರಾರನ್ನು ಕೂಡ ಯಂತ್ರವು ತನ್ನಿಷ್ಟದಂತೆ ಜಾರಿಮಾಡಬಹುದೇ? ಜರ್ಮನಿಯಲ್ಲಿ ವಿದ್ಯುತ್ ಕಾರಿನ ಬ್ಯಾಟರಿಯನ್ನು ಬಾಡಿಗೆಗೆ ಕೊಡುವ ಕಂಪೆನಿಯೊಂದು, ಕರಾರನ್ನು ರದ್ದುಮಾಡಿದ ಮೇಲೆ ದೂರದಿಂದಲೇ ಬ್ಯಾಟರಿಯನ್ನು ಮುಚ್ಚುವ ಹಕ್ಕನ್ನು ಬರೆದುಕೊಂಡಿತ್ತು. ಇದು ಬ್ಲಾಕ್‌ಚೈನಿನ ಮಾತಲ್ಲದಿದ್ದರೂ ಪ್ರಶ್ನೆ ಅದೇ. ೨೦೨೨ರ ಅಕ್ಟೋಬರ್ ೨೬ರಂದು ಆ ದೇಶದ ಪರಮೋಚ್ಚ ಸಿವಿಲ್ ನ್ಯಾಯಾಲಯವು ಆ ಷರತ್ತು ಅನ್ಯಾಯವಾದುದು, ಆದ್ದರಿಂದ ಅಸಿಂಧು ಎಂದಿತು. ಬ್ಯಾಟರಿ ಮುಚ್ಚಿದರೆ ಗಿರಾಕಿಯ ಸ್ವಂತ ಕಾರೇ ಕದಲದು. ನ್ಯಾಯಾಲಯಕ್ಕೆ ಅಲೆಯುವ ಹೊರೆ ಅವನ ತಲೆಗೆ ಬೀಳುತ್ತದೆ. ಸ್ವಯಂಚಾಲಿತ ಕರಾರಿನ ಹುಳುಕು ಇಲ್ಲಿಯೇ ಇದೆ. ಹಳೆಯ ಕ್ರಮದಲ್ಲಿ ಹಣ ಬೇಕಾದವನು ಫಿರ್ಯಾದು ಕೊಡುತ್ತಿದ್ದನು. ಇಲ್ಲಿ ಯಂತ್ರ ಮೊದಲೇ ಹಣವನ್ನು ಸಾಗಿಸಿಬಿಡುತ್ತದೆ, ಕಳೆದುಕೊಂಡವನು ಫಿರ್ಯಾದಿಯಾಗಬೇಕು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಗೆ ಇದನ್ನೂ ಸೇರಿಸಬಹುದು.

೭

ಇನ್ನು ಭಾರತದ ವಿಚಾರ. ನಮ್ಮಲ್ಲಿ ಇಂಥ ಕರಾರುಗಳಿಗೆಂದೇ ಬೇರೊಂದು ಕಾಯಿದೆಯಿಲ್ಲ. ಆದರೂ ಹೆಸರೇ ಅಪರಿಚಿತವಲ್ಲ. ವ್ಯಾಪಾರೀ ಸಂದೇಶಗಳ ಹಾವಳಿಯನ್ನು ತಡೆಯಲು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ೨೦೧೮ರಲ್ಲಿ ಹೊರಡಿಸಿದ ನಿಯಮಾವಳಿಯು ಹಂಚಿದ ಕಿರ್ದಿಯನ್ನೂ ಸ್ವಯಂಚಾಲಿತ ಕರಾರನ್ನೂ ಹೆಸರಿಸಿ ವ್ಯಾಖ್ಯಾನಿಸಿದೆ. ಸಾಮಾನ್ಯ ವ್ಯವಹಾರಗಳಿಗೆ ಆಧಾರ ೧೮೭೨ರ ಕರಾರು ಕಾಯಿದೆಯೂ ೨೦೦೦ದ ಮಾಹಿತಿ ತಂತ್ರಜ್ಞಾನ ಕಾಯಿದೆಯೂ.

ಕರಾರು ಕಾಯಿದೆಯ ಹತ್ತನೆಯ ಕಲಮು ಕೇಳುವುದು ಸ್ವತಂತ್ರವಾದ ಒಪ್ಪಿಗೆ, ಯೋಗ್ಯರಾದ ಪಕ್ಷದವರು, ನ್ಯಾಯವಾದ ಪ್ರತಿಫಲ ಹಾಗೂ ಉದ್ದೇಶ. ಕಾಗದವೋ ಕೋಡೋ ಎಂದು ಅದು ಕೇಳುವುದಿಲ್ಲ. ಮಾಹಿತಿ ತಂತ್ರಜ್ಞಾನ ಕಾಯಿದೆಗೆ ಆಮೇಲೆ ಸೇರಿಸಿದ ೧೦-ಎ ಕಲಮು, ವಿದ್ಯುನ್ಮಾನ ರೂಪದಲ್ಲಿದೆಯೆಂಬ ಒಂದೇ ಕಾರಣದಿಂದ ಕರಾರನ್ನು ತಳ್ಳಿಹಾಕಕೂಡದೆನ್ನುತ್ತದೆ. ಒಬ್ಬನು ತಾನಾಗಿ ನಡೆಯುವಂತೆ ಏರ್ಪಡಿಸಿದ ಯಂತ್ರದಿಂದ ಹೊರಟ ಸಂದೇಶ ಅವನದೇ ಎಂದು ಅದೇ ಕಾಯಿದೆಯ ೧೧ನೆಯ ಕಲಮು ಹೇಳುತ್ತದೆ. ಅಲ್ಲಿಗೆ ಮೊದಲ ಬಾಗಿಲು ತೆರೆಯಿತು.

ಮುಂದಿನ ಬಾಗಿಲುಗಳು ಅಷ್ಟು ಸುಲಭವಲ್ಲ. ಉಯಿಲು, ಧರ್ಮದರ್ಶಿತ್ವದ ಪತ್ರ ಮುಂತಾದುವು ಆ ಕಾಯಿದೆಯ ವ್ಯಾಪ್ತಿಗೆ ಹೊರಗಿವೆ. ಸ್ಥಿರಾಸ್ತಿಯ ಮಾರಾಟವನ್ನು ಹೊರಗಿಟ್ಟಿದ್ದ ಕಲಮನ್ನು ೨೦೨೨ರ ಸೆಪ್ಟೆಂಬರಿನಲ್ಲಿ ತೆಗೆದುಹಾಕಿದರಾದರೂ, ನೋಂದಣಿಯ ಅಗತ್ಯವೂ ರಾಜ್ಯರಾಜ್ಯಗಳ ಮುದ್ರಾಂಕ ಶುಲ್ಕವೂ ಹೋಗಿಲ್ಲ. ಸರಕಾರದ ಪರವಾನಗಿ ಪಡೆದ ಸಂಸ್ಥೆ ಕೊಟ್ಟ ಡಿಜಿಟಲ್ ರುಜುವಿಗೆ ದೊರೆಯುವ ಗೌರವವು, ಬ್ಲಾಕ್‌ಚೈನಿನಲ್ಲಿ ಬಳಸುವ ಗುಪ್ತ ಕೀಲಿಗೆ ತಾನಾಗಿ ದೊರೆಯದು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ ೬೩ನೆಯ ಕಲಮಿನ ಪ್ರಕಾರ ಇಂಥ ದಾಖಲೆಯೊಡನೆ ಪ್ರಮಾಣಪತ್ರವನ್ನೂ ಹಾಜರುಪಡಿಸಬೇಕು.

ನಾಣ್ಯಗಳ ಬಗ್ಗೆಯೂ ಒಂದು ಮಾತು. ಬ್ಯಾಂಕುಗಳು ಇಂಥ ನಾಣ್ಯಗಳ ವ್ಯವಹಾರಕ್ಕೆ ನೆರವಾಗಕೂಡದೆಂದು ರಿಸರ್ವ್ ಬ್ಯಾಂಕು ೨೦೧೮ರಲ್ಲಿ ಹೊರಡಿಸಿದ ಸುತ್ತೋಲೆಯನ್ನು ಸುಪ್ರೀಂ ಕೋರ್ಟು ೨೦೨೦ರ ಮಾರ್ಚ್ ೪ರಂದು ರದ್ದುಮಾಡಿತು. ೨೦೨೨ರ ಹಣಕಾಸು ಕಾಯಿದೆಯು ಅವುಗಳ ವರ್ಗಾವಣೆಯ ಲಾಭದ ಮೇಲೆ ಶೇಕಡಾ ೩೦ರ ತೆರಿಗೆ ಹ��ಕಿತು. ತೆರಿಗೆ ಕೊಟ್ಟ ಮಾತ್ರಕ್ಕೆ ವ್ಯವಹಾರ ಸಿಂಧುವಾಯಿತೆಂದು ಯಾರೂ ಭಾವಿಸಕೂಡದು. ತೆರಿಗೆಯ ಕಾಯಿದೆ ಲಾಭವನ್ನು ನೋಡುತ್ತದೆ, ಕರಾರಿನ ಕಾಯಿದೆ ಒಪ್ಪಿಗೆಯನ್ನು ನೋಡುತ್ತದೆ.

ಕರಾರು ಕಾಯಿದೆಯ ಇನ್ನೂ ಮೂರು ಕಲಮುಗಳನ್ನು ನೆನೆಯಬೇಕು. ನ್ಯಾಯಾಲಯಕ್ಕೆ ಹೋಗುವ ಹಕ್ಕನ್ನೇ ಕಿತ್ತುಕೊಳ್ಳುವ ಒಪ್ಪಂದ ೨೮ನೆಯ ಕಲಮಿನಂತೆ ಅಸಿಂಧು. ಮಧ್ಯಸ್ಥಗಾರರಿಗೆ ಒಪ್ಪಿಸಬಹುದು, ಕೋಡೇ ಕೊನೆಯೆಂದು ಬಾಯಿ ಕಟ್ಟುವಂತಿಲ್ಲ. ೭೪ನೆಯ ಕಲಮಿನಂತೆ ಕರಾರಿನಲ್ಲಿ ಎಷ್ಟೇ ದಂಡ ಬರೆದಿರಲಿ, ಸಲ್ಲತಕ್ಕದ್ದು ಆ ಮೊತ್ತವನ್ನು ಮೀರದ ಯುಕ್ತವಾದ ಪರಿಹಾರ ಮಾತ್ರ. ಠೇವಣಿಯನ್ನೆಲ್ಲ ನುಂಗುವ ಕೋಡಿಗೆ ಈ ಯುಕ್ತಾಯುಕ್ತ ತಿಳಿಯದು. ಮೂರನೆಯದಾದ ೧೧ನೆಯ ಕಲಮು ಅಧ್ಯಾಪಕರಾದ ನಮಗೆ ಅತ್ಯಂತ ಹತ್ತಿರದ್ದು. ಅಪ್ರಾಪ್ತ ವಯಸ್ಕನು ಕರಾರು ಮಾಡಲಾರನು. ಕಲ್ಕತ್ತೆಯ ಒಬ್ಬ ಅಪ್ರಾಪ್ತನಿಂದ ಇಪ್ಪತ್ತು ಸಾವಿರ ರೂಪಾಯಿಯ ಅಡಮಾನ ಪತ್ರವನ್ನು ಬರೆಸಿಕೊಂಡ ಸಾಹುಕಾರನ ವ್ಯಾಜ್ಯದಲ್ಲಿ, ಆ ಪತ್ರ ಮೊದಲಿನಿಂದಲೇ ಇಲ್ಲದ್ದಕ್ಕೆ ಸಮ ಎಂದು ಪ್ರಿವಿ ಕೌನ್ಸಿಲು ೧೯೦೩ರಲ್ಲಿ ತೀರ್ಮಾನಿಸಿತು. ಮೊಹೋರಿ ಬೀಬಿಯ ಮೊಕದ್ದಮೆಯೆಂದು ಅದು ಇಂದಿಗೂ ಪ್ರಮಾಣ. ಕೋಡ್ ವಯಸ್ಸನ್ನು ಕೇಳುವುದಿಲ್ಲ. ಗುಪ್ತ ಕೀಲಿ ಹದಿನೈದರ ಹುಡುಗನ ಕೈಯಲ್ಲಿದ್ದರೂ ಐವತ್ತರ ವರ್ತಕನ ಕೈಯಲ್ಲಿದ್ದರೂ ಅದಕ್ಕೆ ಒಂದೇ. ನಮ್ಮ ಒಂಬತ್ತು ಹತ್ತನೆಯ ತರಗತಿಗಳ ಮಕ್ಕಳ ಕೈಯಲ್ಲಿ ಫೋನು ಇದೆ. ಅವರು ಒಪ್ಪಿದ್ದು ಕಾಯಿದೆಯ ಕಣ್ಣಿನಲ್ಲಿ ಒಪ್ಪಿಗೆಯೇ ಅಲ್ಲ; ಆದರೆ ಹೋದ ಹಣ ಯಾವ ದೇಶದ ಯಾರ ಕೈ ಸೇರಿತೆಂದು ಗೊತ್ತಿಲ್ಲದಿದ್ದರೆ ಆ ನ್ಯಾಯ ಪುಸ್ತಕದಲ್ಲೇ ಉಳಿಯುತ್ತದೆ.

೮

ಹಾಗಾದರೆ ಸಾವಿರಾರು ಯಂತ್ರಗಳಲ್ಲಿ ಹಂಚಿಹೋದ ಕರಾರಿಗೆ ಯಾವ ದೇಶದ ಕಾಯಿದೆ? ಹಳೆಯ ನ್ಯಾಯವು ಕರಾರು ಎಲ್ಲಿ ಆಯಿತು, ಎಲ್ಲಿ ನೆರವೇರಬೇಕು ಎಂದು ಕೇಳುತ್ತಿತ್ತು. ಎಲ್ಲೆಲ್ಲಿಯೂ ಇರುವುದಕ್ಕೆ ಇಂಥಲ್ಲಿ ಎಂಬುದಿಲ್ಲ. ವಿಶ್ವಸಂಸ್ಥೆಯ ವ್ಯಾಪಾರ ನ್ಯಾಯದ ಆಯೋಗವು ೨೦೨೪ರಲ್ಲಿ ಸ್ವಯಂಚಾಲಿತ ಕರಾರುಗಳಿಗೆ ಒಂದು ಮಾದರಿ ಕಾಯಿದೆಯನ್ನು ಸಿದ್ಧಪಡಿಸಿ ದೇಶಗಳ ಮುಂದಿಟ್ಟಿತು. ಮಾದರಿ ಎಂದರೆ ಮಾದರಿಯೇ. ಆಯಾ ದೇಶ ಶಾಸನ ಮಾಡಿಕೊಂಡಾಗ ಮಾತ್ರ ಅದಕ್ಕೆ ಬಲ. ಅಲ್ಲಿಯವರೆಗೆ ಉಳಿಯುವ ಉಪಾಯ ಒಂದೇ: ಕೋಡಿನ ಜತೆಗೆ ಮನುಷ್ಯರ ಭಾಷೆಯಲ್ಲಿ ಒಂದು ಪತ್ರವನ್ನು ಬರೆದು, ಪಕ್ಷದವರು ಯಾರು, ಯಾವ ದೇಶದ ಕಾಯಿದೆ, ಯಾವ ನ್ಯಾಯಸ್ಥಾನ, ಕೋಡ್ ತಪ್ಪಿದರೆ ಯಾರು ಹೊಣೆ ಎಂಬ ನಾಲ್ಕನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು. ಈ ನಾಲ್ಕು ಇಲ್ಲದ ಕರಾರು ಎಷ್ಟೇ ಚುರುಕಾಗಿ ನಡೆದರೂ, ಕೆಟ್ಟ ದಿನದಲ್ಲಿ ಕೈ ಹಿಡಿಯುವುದಿಲ್ಲ.

ಮನುಷ್ಯರ ಭಾಷೆ ಎಂದೆವು, ಯಾವ ಮನುಷ್ಯರದು? ಹದಿನಾರನೆಯ ಶತಮಾನದ ಇಂಗ್ಲೆಂಡಿನಲ್ಲಿ ಥರೋಗುಡ್ ಎಂಬ ಅನಕ್ಷರಸ್ಥನಿಗೆ ಒಂದು ಪತ್ರವನ್ನು ತಪ್ಪಾಗಿ ಓದಿ ಹೇಳಿ ಮುದ್ರೆ ಒತ್ತಿಸಿದರು. ಬಾಕಿ ಗೇಣಿಯನ್ನು ಬಿಟ್ಟುಕೊಡುವ ಪತ್ರವೆಂದು ಅವನು ನಂಬಿದ್ದನು. ಅದರಲ್ಲಿ ಭೂಮಿಯ ಹಕ್ಕೇ ಹೋಗುತ್ತಿತ್ತು. ಆ ಪತ್ರ ಅವನನ್ನು ಕಟ್ಟುವುದಿಲ್ಲವೆಂದು ತೀರ್ಪಾಯಿತು. ಕೋಡಿನ ಮುಂದೆ ನಮ್ಮಲ್ಲಿ ಬಹುಮಂದಿ, ಪದವಿ ಪಡೆದವರು ಕೂಡ, ಥರೋಗುಡನಂತೆ ಅನಕ್ಷರಸ್ಥರೇ. ಅದನ್ನು ಯಾರೋ ಓದಿ ಹೇಳಬೇಕು. ಹೇಳಿದ್ದು ನಿಜವೇ ಎಂದು ತಿಳಿಯುವ ದಾರಿಯೂ ಇರಬೇಕು. ಗಡಿನಾಡಿನ ಕನ್ನಡಿಗರು ತಮ್ಮ ಪಹಣಿ, ಅರ್ಜಿ, ನೋಟೀಸುಗಳು ತಮಗೆ ಓದಲು ಬರುವ ನುಡಿಯಲ್ಲಿರಬೇಕೆಂದು ಬಹುಕಾಲದಿಂದ ಕೇಳುತ್ತ ಬಂದವರು. ರುಜು ಹಾಕುವವನಿಗೆ ಓದುವ ಹಕ್ಕುಂಟು ಎಂಬುದೇ ಆ ಬೇಡಿಕೆಯ ತಿರುಳು. ಫೋನಿನ ಪರದೆಯ ಮೇಲೆ ‘ಒಪ್ಪಿದೆ’ ಎಂದು ಒತ್ತುವುದೂ ರುಜುವೇ ಆಗಿರುವಾಗ, ಆ ಬೇಡಿಕೆಯನ್ನು ಅಲ್ಲಿಗೂ ಒಯ್ಯುವುದು ನ್ಯಾಯ.

ಅಧ್ಯಾಪಕ ಬಂಧುಗಳು ಇದಕ್ಕಾಗಿ ಹೊಸ ಪಠ್ಯವನ್ನು ಕಾಯಬೇಕಾಗಿಲ್ಲ. ಸಮಾಜಶಾಸ್ತ್ರದ ಪಾಠದಲ್ಲಿ ಹಕ್ಕುಗಳ ವಿಚಾರ ಬಂದಾಗ ಒಂದು ಹಳೆಯ ಗೇಣಿ ಚೀಟನ್ನೂ ಫೋನಿನ ಒಂದು ಷರತ್ತಿನ ಪುಟವನ್ನೂ ಮಕ್ಕಳ ಮುಂದಿಡಬಹುದು. ಎದುರಿನ ಪಕ್ಷ ಯಾರು, ಏನನ್ನು ಕೊಡುತ್ತೇವೆ, ತಪ್ಪಿದರೆ ಯಾವ ಊರಿನ ಯಾವ ಕಚೇರಿಗೆ ಹೋಗಬೇಕು ಎಂದು ಎರಡರಲ್ಲೂ ಹುಡುಕಿಸಬಹುದು. ಚೀಟಿನಲ್ಲಿ ಧಣಿಯ ಹೆಸರು, ಗದ್ದೆಯ ಚಕ್ಕುಬಂದಿ, ಸಾಕ್ಷಿಗಳ ರುಜು ಸಿಗುತ್ತವೆ. ಫೋನಿನ ಪುಟದಲ್ಲಿ ಅವು ಸಿಗದೆ ಹೋದರೆ ‘ಒಪ್ಪಿದೆ’ ಎಂಬುದನ್ನು ಒತ್ತದಿರುವುದೇ ಲೇಸೆಂದು ಮಕ್ಕಳು ತಾವಾಗಿಯೇ ತಿಳಿದುಕೊಳ್ಳುವರು.